ಹಳೇ ಪಿಕಪ್‌ಗೆ ಮನೆಯಲ್ಲೇ ಬಣ್ಣ: ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಕೇ?

‘ಮನೆ ಅಂಗಳದಲ್ಲೇ ಶೋರೂಮ್ ಹೊಳಪು, ಎರಡೇ ದಿನದಲ್ಲಿ!’ ಎಂಬ ಧಾಟಿಯ ವಿಡಿಯೊಗಳು ನಿಮ್ಮ ಗ್ರೂಪಿಗೂ ಬಂದಿರಬಹುದು. ತುಕ್ಕು ಹಿಡಿದ ಪಿಕಪ್, ಬಾಡಿಗೆ ಕಂಪ್ರೆಸರ್, ಸ್ಪ್ರೇ ಗನ್, ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಯುವಕ. ಕೊನೆಯಲ್ಲಿ ಫಳಫಳ ಹೊಳೆಯುವ ಗಾಡಿ. ವರ್ಷಗಟ್ಟಲೆ ತರಕಾರಿ ಹೊತ್ತ ಗಾಡಿಗೆ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಲು ದುಡ್ಡು ಹೊಂದಿಸುತ್ತಿರುವವರಿಗೆ ಇದನ್ನು ನೋಡಿದರೆ ಆಸೆಯಾಗುವುದು ಸಹಜ.

ಮನೆಯಲ್ಲಿ ಬಣ್ಣ ಹೊಡೆಯಬಹುದೇ? ಹೊಡೆಯಬಹುದು. ನಮ್ಮ ತಕರಾರು ಆ ಕರವಸ್ತ್ರದ ಬಗ್ಗೆ.

ಗಾಡಿಗಳಿಗೆ ಬಳಸುವ ಹೊಳಪಿನ ಪಿಯು ಬಣ್ಣಕ್ಕೆ ‘ಟೂ-ಕೆ’ ಎಂದೂ ಹೇಳುತ್ತಾರೆ. ಬಣ್ಣದ್ದು ಒಂದು ಡಬ್ಬಿ, ಹಾರ್ಡ್ನರ್‌ನದು ಇನ್ನೊಂದು. ಹಾರ್ಡ್ನರ್‌ನಲ್ಲಿರುವುದು ಐಸೊಸಯನೇಟ್ ಎಂಬ ರಾಸಾಯನಿಕ ಗುಂಪು. ಬಣ್ಣ ಗಟ್ಟಿಯಾಗಿ ಕೂರುವುದು ಇದರಿಂದಲೇ. ಆದರೆ ಸ್ಪ್ರೇ ಮಾಡುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಇದು ಶ್ವಾಸಕೋಶ ಸೇರುತ್ತದೆ. ಕೆಲವರ ದೇಹ ಒಮ್ಮೆ ಇದಕ್ಕೆ ಅಲರ್ಜಿ ಬೆಳೆಸಿಕೊಂಡರೆ, ಮುಂದೆ ಅತ್ಯಲ್ಪ ಪ್ರಮಾಣ ಸೋಕಿದರೂ ಆಸ್ತಮಾ ಕೆರಳಬಹುದು. ವಾಹನಗಳಿಗೆ ಬಣ್ಣ ಹೊಡೆಯುವವರಲ್ಲಿ ಕಾಣುವ ವೃತ್ತಿಸಂಬಂಧಿ ಆಸ್ತಮಾಕ್ಕೆ ಇದು ಗೊತ್ತಿರುವ ಕಾರಣ.

‘ವಾಸನೆ ಬರದಿದ್ದರೆ ಭಯವಿಲ್ಲ’ ಎಂಬುದು ಇಲ್ಲಿ ಪೂರ್ತಿ ತಪ್ಪು. ಮೂಗಿಗೆ ಬಡಿಯುವುದು ಥಿನ್ನರ್ ವಾಸನೆ. ಐಸೊಸಯನೇಟ್ ಅಪಾಯದ ಮಟ್ಟದಲ್ಲಿದ್ದರೂ ಮೂಗಿಗೆ ತಿಳಿಯುವುದಿಲ್ಲ. ಕರವಸ್ತ್ರ ಬಿಡಿ, ಕೊರೊನಾ ಕಾಲದ ಎನ್95 ಮಾಸ್ಕ್ ಕೂಡ ಕಣಗಳನ್ನಷ್ಟೇ ಸೋಸುತ್ತದೆ, ಆವಿಯನ್ನಲ್ಲ. ಬ್ರಿಟನ್‌ನ ಕಾರ್ಮಿಕ ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇ ಈ ಕೆಲಸಕ್ಕೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ ಬೇಕೆನ್ನುತ್ತದೆ. ಅಂಗಳದಲ್ಲಿ ಅದೆಲ್ಲ ಎಲ್ಲಿಂದ ಬರಬೇಕು?

1984ರಲ್ಲಿ ಭೋಪಾಲದಲ್ಲಿ ಸೋರಿದ್ದೂ ಐಸೊಸಯನೇಟೇ ಅಲ್ಲವೇ ಎಂದು ನೀವು ಕೇಳಬಹುದು. ಅದು ಮೀಥೈಲ್ ಐಸೊಸಯನೇಟ್, ಬಹುಬೇಗ ಆವಿಯಾಗುವಂಥದ್ದು. ಹಾರ್ಡ್ನರ್‌ನಲ್ಲಿರುವುದು ಅದೇ ಕುಟುಂಬದ ಬೇರೆ ಸದಸ್ಯ, ಅಷ್ಟು ಸುಲಭವಾಗಿ ಆವಿಯಾಗದು. ‘ಹಾರ್ಡ್ನರ್‌ನಲ್ಲಿ ಭೋಪಾಲ್ ವಿಷ’ ಎಂದು ಫಾರ್ವರ್ಡ್ ಮಾಡಬೇಡಿ. ಸ್ಪ್ರೇ ಗನ್ನಿನ ಹನಿಗಳಿಗೆ ಹೆದರಿದರೆ ಸಾಕು.

ಹಾಗಾದರೆ ಹೊಸಬರು ಏನು ಮಾಡಬೇಕು? ನಮ್ಮ ಪ್ರಕಾರ ಹಾರ್ಡ್ನರ್ ಬೇಡದ ಸಿಂಥೆಟಿಕ್ ಎನಾಮಲ್ ತಂದು, ಬ್ರಷ್ ಅಥವಾ ಸಣ್ಣ ರೋಲರ್‌ನಲ್ಲಿ ತೆಳುವಾಗಿ ಎರಡು ಮೂರು ಕೋಟ್ ಹೊಡೆಯುವುದು ಲೇಸು. ಶೋರೂಮ್ ಹೊಳಪು ಬಾರದು, ಒಣಗಲೂ ತಡ. ತರಕಾರಿ ಗಾಡಿಗೆ ಇಷ್ಟು ಸಾಕು. ಹೊಳಪೇ ಬೇಕೆಂದರೆ ಉಜ್ಜುವ ಕೆಲಸ ನೀವು ಮುಗಿಸಿ, ಸ್ಪ್ರೇ ಮಾತ್ರ ಬೂತ್ ಇರುವ ಗ್ಯಾರೇಜಿಗೆ ಬಿಡಿ. ಎನಾಮಲ್ಲೇ ಆದರೂ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಹೊಡೆಯಬೇಡಿ. ಥಿನ್ನರ್, ಟರ್ಪೆಂಟೈನ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಬೀಡಿಯ ಕಿಡಿ ಸಾಕು ಬೆಂಕಿ ಹತ್ತಲು.

ಉಜ್ಜುವಾಗಲೂ ಹುಷಾರು. ಹಳೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸ ಇರಬಹುದು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ 2016ರ ನಿಯಮ ಮನೆಬಳಕೆಯ, ಅಲಂಕಾರಿಕ ಬಣ್ಣಗಳಿಗೆ ಮಾತ್ರ. ಆದ್ದರಿಂದ ವಾಟರ್ ಪೇಪರ್ ಬಳಸಿ ನೀರು ಹಾಕಿಯೇ ಉಜ್ಜಿ. ಇಲ್ಲಿ ಧೂಳಿಗೆ ಎನ್95 ಪ್ರಯೋಜನಕ್ಕೆ ಬರುತ್ತದೆ. ಮಕ್ಕಳನ್ನು ದೂರವಿಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ತುಕ್ಕಿನ ಮೇಲೇ ಬಣ್ಣ ಬಳಿದರೆ ತುಕ್ಕು ನಿಲ್ಲುತ್ತದೆಂಬುದೂ ಸುಳ್ಳು. ತುಕ್ಕಿನ ಪದರ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ಒಳಗೇ ಕಬ್ಬಿಣ ತಿನ್ನುತ್ತದೆ. ಲೋಹ ಹೊಳೆಯುವವರೆಗೆ ಕೆರೆದು, ಒಣಗಿಸಿ, ಅಂದೇ ಪ್ರೈಮರ್ ಹಾಕಬೇಕು. ಡೀಸೆಲ್‌ನಲ್ಲಿ ಒರೆಸುವ ಸಲಹೆ ಕೇಳಬೇಡಿ, ಎಣ್ಣೆಯ ಪೊರೆ ಉಳಿದು ಬಣ್ಣ ಹಿಡಿಯುವುದಿಲ್ಲ. ಪ್ರೈಮರ್ ಹಾಕಿದ ಗಾಡಿಯನ್ನು ಮಳೆಯಲ್ಲಿ ನಿಲ್ಲಿಸಿದರೂ ಶ್ರಮ ವ್ಯರ್ಥ, ಹೆಚ್ಚಿನ ಪ್ರೈಮರ್‌ಗಳು ನೀರು ಹೀರುತ್ತವೆ. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿಯುವವರೆಗೆ ಕಾಯುವುದು ಒಳ್ಳೆಯದು.

ಈಗಾಗಲೇ ಹಾರ್ಡ್ನರ್ ಬಣ್ಣ ಸ್ಪ್ರೇ ಮಾಡಿದ್ದೀರಾ? ಅಂದೇ ರಾತ್ರಿ ಕೆಮ್ಮು, ಎದೆ ಬಿಗಿತ, ಉಬ್ಬಸ ಬಂದರೆ ಶೀತವೆಂದು ಸುಮ್ಮನಿರಬೇಡಿ. ಲಕ್ಷಣಗಳು ಕೆಲವು ಗಂಟೆ ತಡವಾಗಿಯೂ ಬರುತ್ತವೆ. ವೈದ್ಯರ ಬಳಿ ಹೋಗುವಾಗ ಡಬ್ಬಿಯ ಲೇಬಲ್‌ನ ಫೋಟೊ ತೆಗೆದುಕೊಂಡು ಹೋಗಿ.