ಬರೆದದ್ದು ಯಂತ್ರ, ಹೆಸರು ನಮ್ಮದು



ಕಳೆದ ಬೇಸಿಗೆಯಲ್ಲಿ ಅಕ್ಕಲಕೋಟೆ ತಾಲ್ಲೂಕಿನ ಮೈಂದರ್ಗಿಗೆ ಹೋಗಿದ್ದೆ. ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಗೆ ಸೇರಿದ ಈ ಗಡಿಯೂರಿನಲ್ಲಿ ಕಚೇರಿಯ ಕಾಗದ ಮರಾಠಿ, ಮನೆಯ ಮಾತು ಕನ್ನಡ. ಅಲ್ಲಿ ನನಗೆ ಪರಿಚಯದ ಹಿರಿಯರೊಬ್ಬರ ಅಂಗಡಿ ಇದೆ. ಸೋಲಾಪುರದಿಂದ ಚಾದರ, ಟವೆಲ್ ತಂದು ಗಡಿಯ ಆಚೆ ಈಚೆಯ ಊರುಗಳಿಗೆ ಸಗಟಾಗಿ ಕಳಿಸುತ್ತಾರೆ. ಮಗ ಬಿ.ಕಾಂ. ಮುಗಿಸಿ ಈಗ ಅಂಗಡಿಯಲ್ಲೇ ಕೂರುತ್ತಾನೆ.

“ಫಾದರ್, ಈಗ ಪತ್ರ ಬರಿಯೋ ತ್ರಾಸೇ ಇಲ್ರಿ. ಫೋನಿಗೆ ಹೇಳಿದ್ರ ಸಾಕು, ಮರಾಠಿ, ಕನ್ನಡ, ಇಂಗ್ಲಿಷ್, ಯಾವುದು ಬೇಕೋ ಅದರಾಗ ಬರದು ಕೊಡ್ತದ” ಎಂದ ಹುಡುಗ ಉತ್ಸಾಹದಿಂದ. ತಂದೆ ಚಹಾ ಲೋಟ ಕೆಳಗಿಟ್ಟು ನಕ್ಕರು. “ಅದು ಬರದು ಕೊಟ್ಟದ್ದನ್ನೂ ಫಾದರಿಗೆ ಹೇಳು ತಮ್ಮಾ” ಎಂದರು.

ನಡೆದದ್ದು ಇಷ್ಟು. ದೂರದ ಊರಿನ ವ್ಯಾಪಾರಿಯೊಬ್ಬರು ಟವೆಲ್ ಬಗ್ಗೆ ವಾಟ್ಸಾಪ್‌ನಲ್ಲಿ ವಿಚಾರಿಸಿದ್ದರು. ಹುಡುಗ ಆ ಪ್ರಶ್ನೆಯನ್ನು ಯಂತ್ರಕ್ಕೆ ಕೊಟ್ಟು, ಬಂದ ಉತ್ತರವನ್ನು ಪೂರ್ತಿ ಓದದೆ ಹಾಗೆಯೇ ಕಳಿಸಿಬಿಟ್ಟ. ಭಾಷೆ ಅಚ್ಚುಕಟ್ಟಾಗಿತ್ತು. ಆದರೆ ಕೊನೆಯಲ್ಲಿ ‘ಬಣ್ಣ ಹೋದರೆ ಪೂರ್ತಿ ಹಣ ವಾಪಸ್’ ಎಂಬ ಒಂದು ಸಾಲು ಸೇರಿತ್ತು. ಹಾಗೆಂದು ಆ ಅಂಗಡಿಯಲ್ಲಿ ಯಾರೂ ಯಾವತ್ತೂ ಹೇಳಿದ್ದಿಲ್ಲ! ಮೂರು ವಾರಗಳ ನಂತರ ಬಣ್ಣ ಬಿಟ್ಟ ಟವೆಲ್‌ಗಳ ಗಂಟು ಬಂತು, ಜೊತೆಗೆ ಆ ಸಂದೇಶವೂ ಬಂತು.

“ನಾ ಬರದಿಲ್ಲ, ಯಂತ್ರ ಬರದದ ಅಂತ ಹೇಳೋಣು” ಎಂದನಂತೆ ಮಗ. ತಂದೆ ಒಪ್ಪಲಿಲ್ಲ. “ಯಾರು ಬರದ್ರೇನು, ಕೆಳಗ ಹೆಸರು ನಮ್ಮ ಅಂಗಡೀದೇ ಅದ ಅಲ್ಲೇನು?” ಎಂದು ಹೇಳಿ ನಲವತ್ತು ಡಜನ್ ಮಾಲು ವಾಪಸ್ ತೆಗೆದುಕೊಂಡರು. ಆ ತಿಂಗಳ ಲಾಭವೆಲ್ಲ ಅದರಲ್ಲೇ ಹೋಯಿತು.

ಇದೇ ಪ್ರಶ್ನೆ ದೂರದ ಕೆನಡಾ ದೇಶದಲ್ಲೂ ಎದ್ದಿತ್ತು. ಅಜ್ಜಿ ತೀರಿಕೊಂಡಾಗ ಒಬ್ಬ ಪ್ರಯಾಣಿಕ ಏರ್ ಕೆನಡಾ ವಿಮಾನ ಕಂಪನಿಯ ಜಾಲತಾಣದಲ್ಲಿ ರಿಯಾಯಿತಿಯ ಬಗ್ಗೆ ಕೇಳಿದ. ಅಲ್ಲಿ ಉತ್ತರಿಸುವ ಯಂತ್ರ ಅವನಿಗೆ ತಪ್ಪು ಮಾಹಿತಿ ಕೊಟ್ಟಿತು. ಕಂಪನಿ ರಿಯಾಯಿತಿ ನಿರಾಕರಿಸಿ, ಯಂತ್ರದ ಮಾತಿಗೆ ತಾನು ಹೊಣೆಯಲ್ಲ ಎಂದು ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಮೈಂದರ್ಗಿಯ ಹಿರಿಯರಿಗೆ ಈ ತೀರ್ಪಿನ ಸುದ್ದಿ ಗೊತ್ತಿರಲಿಲ್ಲ. ಆದರೂ ತೀರ್ಪು ಒಂದೇ!

ಹಾಗಾದರೆ ಯಂತ್ರವೇ ಬೇಡವೇ? ಸೋಲಾಪುರದ ಕಡೆಯವರು ಯಂತ್ರ ಕಂಡು ಹೆದರುವವರಲ್ಲ. 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸೋಲಾಪುರ ಚಾದರದ ಹೂಬಳ್ಳಿ ಮೂಡುವುದು ಜಕಾರ್ಡ್ ಮಗ್ಗದಲ್ಲಿ. ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಸಾಧನದಲ್ಲಿ, ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂಬುದನ್ನು ರಟ್ಟಿನ ಪಟ್ಟಿಯ ತೂತುಗಳು ಹೇಳುತ್ತಿದ್ದವು. ಮುಂದೆ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಇದೇ ಉಪಾಯವನ್ನು ಎರವಲು ಪಡೆದ. ಹೀಗೆ ನೋಡಿದರೆ ಕಂಪ್ಯೂಟರ್ ನಮ್ಮ ನೇಕಾರರ ಮಗ್ಗಕ್ಕೆ ದೂರದ ನೆಂಟನೇ.

ಆದರೆ ಒಂದು ವ್ಯತ್ಯಾಸವಿದೆ. ಮಗ್ಗದಲ್ಲಿ ಹೂವು ತಪ್ಪಿದರೆ ಯಾವ ತೂತು ತಪ್ಪಿದೆ ಎಂದು ಹುಡುಕಬಹುದು. 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿಯಂಥ ಯಂತ್ರಗಳ ರೀತಿ ಬೇರೆ. ಅಪಾರ ಬರಹವನ್ನು ಅರಗಿಸಿಕೊಂಡು, ಒಂದು ಪದದ ಮುಂದೆ ಯಾವ ಪದ ಬರಬಹುದು ಎಂದು ಅಂದಾಜಿಸುತ್ತಾ ಅವು ವಾಕ್ಯ ಹೆಣೆಯುತ್ತವೆ. ಒಂದೇ ಪ್ರಶ್ನೆಗೆ ಇವತ್ತೊಂದು, ನಾಳೆ ಇನ್ನೊಂದು ಉತ್ತರ ಬರಬಹುದು. ವ್ಯಾಪಾರಿಗಳು ‘ಹಣ ವಾಪಸ್’ ಎಂದು ಬರೆಯುವುದು ಲೋಕದಲ್ಲಿ ವಾಡಿಕೆ, ಆದ್ದರಿಂದ ಅದೂ ಬರೆಯಿತು. ಟವೆಲನ್ನು ಅದು ಮುಟ್ಟಿ ನೋಡಿಲ್ಲ, ನೀರಿಗೆ ಹಾಕಿ ಹಿಂಡಿಲ್ಲ. ಸಾಲದ್ದಕ್ಕೆ ಅದು ಓದಿದ ಕನ್ನಡ ಇಂಗ್ಲಿಷಿಗಿಂತ ಬಹಳ ಕಡಿಮೆ. ಕನ್ನಡದ ಉತ್ತರವನ್ನು ಎರಡು ಸಲ ಓದಬೇಕು.

ಆ ಅಂಗಡಿಯಲ್ಲಿ ಹಲವು ವರ್ಷಗಳಿಂದ ಲೆಕ್ಕ ಬರೆಯುವ ಒಬ್ಬರಿದ್ದಾರೆ. ಯಂತ್ರ ಬಂದಾಗ ಅವರ ಕೆಲಸ ಹೋಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ನಷ್ಟದ ನಂತರ ಹಿರಿಯರು ಬೇರೆ ನಿರ್ಧಾರ ಮಾಡಿದರು. ಯಂತ್ರ ಬರೆಯಲಿ, ಆದರೆ ಇವರು ಓದಿ ಸರಿಯೆಂದ ಮೇಲೆಯೇ ಪತ್ರ ಹೊರಡಲಿ! ಯಾವ ಗಿರಾಕಿಗೆ ಯಾವ ಬಟ್ಟೆ, ಯಾರ ಬಾಕಿ ಎಷ್ಟು, ಯಾರಿಗೆ ಹೇಗೆ ಹೇಳಿದರೆ ನೋವಾಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಈಗ ಪತ್ರವೂ ಬೇಗ ಹೋಗುತ್ತದೆ, ಅವರ ಸಂಬಳವೂ ಉಳಿದಿದೆ.

ಕಾರ್ಖಾನೆಗಳ ಕಾಲದಲ್ಲಿ, 1891ರಲ್ಲಿ, ಜಗದ್ಗುರು ಹದಿಮೂರನೇ ಲಿಯೋ ಕಾರ್ಮಿಕರ ಹಕ್ಕುಗಳ ಪರವಾಗಿ ವಿಶ್ವಪತ್ರ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೇ ಲಿಯೋ ತಮ್ಮ ಹೆಸರಿಗೆ ಅದೇ ಕಾರಣವನ್ನು ಕೊಟ್ಟರು. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲೂ ಮನುಷ್ಯನ ಘನತೆ, ನ್ಯಾಯ ಮತ್ತು ದುಡಿಮೆಯನ್ನು ಕಾಪಾಡಬೇಕು ಎಂಬುದು ಅವರ ಕಾಳಜಿ.

ನಮ್ಮ ಕುಟುಂಬಗಳಲ್ಲೂ ಅಂಗಡಿ, ಹೊಲಿಗೆ, ಬೇಕರಿ, ಗ್ಯಾರೇಜ್ ನಡೆಸುವವರಿದ್ದಾರೆ. ಮಕ್ಕಳು ಫೋನಿನಲ್ಲಿ ಪತ್ರ ಬರೆಸಿದರೆ ಗದರಿಸಬೇಡಿ, ಜೊತೆಗೆ ಕುಳಿತು ಓದಿ. ದರ, ದಿನಾಂಕ, ಭರವಸೆ ಈ ಮೂರನ್ನೂ ಬೆರಳಿಟ್ಟು ನೋಡಿ. ಗಿರಾಕಿಯ ಬ್ಯಾಂಕ್ ಖಾತೆ, ಮನೆಯ ಕಷ್ಟ ಇವುಗಳನ್ನು ಯಂತ್ರಕ್ಕೆ ಹೇಳಬೇಡಿ. ಉಳಿದ ಸಮಯದಲ್ಲಿ ಒಂದಿಷ್ಟು ಕೆಲಸದವರಿಗೂ ಸಿಗಲಿ.

ಹೊರಡುವಾಗ ನಾನೊಂದು ಚಾದರ ಕೊಂಡೆ. “ಬಣ್ಣ ಹೋಗ್ತದೇನಪಾ?” ಎಂದು ಹುಡುಗನನ್ನು ಕೇಳಿದೆ. ಅವನು ಫೋನ್ ಮುಟ್ಟಲಿಲ್ಲ. ಚಾದರದ ಅಂಚನ್ನು ನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಗೆ ಉಜ್ಜಿ ನೋಡಿದ. “ಹೋಗಂಗಿಲ್ರಿ ಫಾದರ್. ಇದು ನಾ ಹೇಳೋ ಮಾತು” ಎಂದ.