ಮಕ್ಕಳು ಸಂಶೋಧನೆಗೆ ಹೋಗುತ್ತೇನೆಂದರೆ ನಾವೇಕೆ ಹೆದರಬೇಕು?

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕಿವಿಗೆ ಬೀಳುವ ಮಾತು ಹೆಚ್ಚುಕಡಿಮೆ ಒಂದೇ.

"ನಿಮ್ಮ ಮಗಳು ಈಗ ಏನು ಓದ್ತಿದಾಳೆ ರೀ?"

"ಈ ವರ್ಷ ಕಾಲೇಜಿಗೆ ಹೊರಟಳು."

"ಏನು ತಗೊಂಡ್ಳು, ಕಂಪ್ಯೂಟರ್ ಸೈನ್ಸಾ, ಪ್ರೀ-ಮೆಡ್ಡಾ?"

"ಇಲ್ಲಾ ರೀ, ಕೆಮಿಸ್ಟ್ರಿಯಂತೆ. ಮುಂದೆ ರಿಸರ್ಚ್ ಮಾಡ್ತಾಳಂತೆ..."

ಇಷ್ಟು ಹೇಳುವಾಗ ತಾಯಿಯ ದನಿ ತುಸು ಇಳಿಯುತ್ತದೆ. ಕೇಳಿದವರೂ "ಓ, ಹೌದಾ... ಒಳ್ಳೇದು ಬಿಡಿ" ಎಂದು ಬಿಸಿಬೇಳೆ ಬಾತಿನ ಕಡೆ ತಿರುಗುತ್ತಾರೆ. ಆ "ಒಳ್ಳೇದು ಬಿಡಿ"ಯಲ್ಲಿ ಅಡಗಿರುವ ಅನುಕಂಪ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತ ಮಗಳಿಗೆ ಅರ್ಥವಾಗದೆ ಇರುತ್ತದೆಯೇ?

ಇದು ನಾವೆಲ್ಲರೂ ಮಾಡುವ ತಪ್ಪು. ಅದಕ್ಕೇ ಈ ಬಾರಿ ಇದೇ ವಿಷಯ ಎತ್ತಿಕೊಂಡಿದ್ದೇವೆ. ನೀರು, ವಿದ್ಯುತ್, ಗಾಳಿ, ಬೆಳೆ ಇವು ನಮ್ಮ ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ ಯಾರಾದರೂ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂರಲೇಬೇಕು. ಕೂರಲು ಸಿದ್ಧವಿರುವ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಅವರನ್ನು ತಡೆಯುತ್ತಿರುವುದು ಬಹಳ ಸಲ ನಮ್ಮ ಭಯ. ಆ ಭಯ ಮೂರು ಬಗೆಯದು: ಸಮಯದ ಭಯ, ಹಣದ ಭಯ ಮತ್ತು ಈಗಿನ ಪರಿಸ್ಥಿತಿಯ ಭಯ. ಒಂದೊಂದಾಗಿ ನೋಡೋಣ.

ಊರಿನಿಂದ ಬಂದ ಪ್ರಶ್ನೆ

2023ರಲ್ಲಿ ಮಳೆ ಕೈಕೊಟ್ಟು ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಮರುವರ್ಷ, 2024ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ ಕೊಳವೆಬಾವಿಗಳು ಒಣಗಿ ಜನ ಟ್ಯಾಂಕರ್‌ಗೆ ಕಾದು ಕೂತರು. ಆ ದಿನಗಳಲ್ಲಿ ಊರಿಗೆ ಫೋನ್ ಮಾಡಿದವರಿಗೆಲ್ಲ ನೆನಪಿರಬಹುದು, ಮೊದಲ ಮಾತೇ ನೀರಿನದ್ದು. "ಈ ಹೊತ್ತು ಟ್ಯಾಂಕರ್ ಬರಲಿಲ್ಲ ಕಣೋ" ಎಂದು ಅಜ್ಜಿ ಹೇಳಿದ್ದನ್ನು ಸ್ಪೀಕರ್ ಫೋನಿನಲ್ಲಿ ಕೇಳಿಸಿಕೊಂಡ ಮೊಮ್ಮಕ್ಕಳು "ಅಜ್ಜಿ ಮನೇಲಿ ನೀರು ಯಾಕಿಲ್ಲ?" ಎಂದು ಕೇಳಿದರು. ನಮ್ಮಲ್ಲಿ ಎಷ್ಟು ಜನ ಕೂತು ಉತ್ತರ ಹೇಳಿದೆವು? "ಮಳೆ ಬಂದಿಲ್ಲ ಪುಟ್ಟಾ, ನೀನು ಹೋಂವರ್ಕ್ ಮಾಡು" ಎಂದವರೇ ಹೆಚ್ಚು.

ಇಂಥದ್ದೇ ಪ್ರಶ್ನೆಯಿರುವ ಮನೆಯಲ್ಲಿ ಬೆಳೆದವರು ಓಮರ್ ಯಾಗಿ. ಜೋರ್ಡಾನ್ ದೇಶದ ಅಮ್ಮಾನ್ ನಗರದಲ್ಲಿ ಪ್ಯಾಲೆಸ್ಟೀನಿ ನಿರಾಶ್ರಿತರ ಮಗನಾಗಿ 1965ರಲ್ಲಿ ಹುಟ್ಟಿದರು. ಅವರ ಬೀದಿಗೆ ನೀರು ಬರುತ್ತಿದ್ದುದು ಎಷ್ಟೋ ದಿನಕ್ಕೊಮ್ಮೆ, ಅದೂ ಕೆಲವೇ ಗಂಟೆ. ಹತ್ತನೆಯ ವಯಸ್ಸಿನಲ್ಲಿ ಶಾಲೆಯ ಗ್ರಂಥಾಲಯದಲ್ಲಿ ಅಣುಗಳ ಚಿತ್ರ ನೋಡಿ ಮರುಳಾದ ಹುಡುಗ ಹದಿನೈದಕ್ಕೆ ಅಮೇರಿಕಕ್ಕೆ ಬಂದ. ಮುಂದೆ ಲೋಹ ಮತ್ತು ಇಂಗಾಲದ ಅಣುಗಳನ್ನು ಜೋಡಿಸಿ, ಒಳಗೆಲ್ಲ ಖಾಲಿ ಕೋಣೆಗಳಿರುವ ಹರಳುಗಳನ್ನು ಕಟ್ಟಿದರು. ಒಂದು ಚಿಟಿಕೆ ಪುಡಿಯೊಳಗೆ ದೊಡ್ಡ ಆಟದ ಮೈದಾನದಷ್ಟು ಮೇಲ್ಮೈ! ರಾತ್ರಿ ಗಾಳಿಯ ತೇವ ಆ ಕೋಣೆಗಳಲ್ಲಿ ಸೇರಿಕೊಳ್ಳುತ್ತದೆ, ಹಗಲು ಬಿಸಿಲಿಗೆ ಹೊರಬಂದು ನೀರಾಗುತ್ತದೆ. ಅವರ ತಂಡ ಅರಿಝೋನಾದ ಮರುಭೂಮಿಯ ಗಾಳಿಯಿಂದಲೇ ನೀರು ತೆಗೆದು ತೋರಿಸಿತು. 2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಯಾಗಿ ಅವರು ಜಪಾನಿನ ಸುಸುಮು ಕಿಟಗಾವಾ ಮತ್ತು ಆಸ್ಟ್ರೇಲಿಯದ ರಿಚರ್ಡ್ ರಾಬ್ಸನ್ ಜೊತೆ ಹಂಚಿಕೊಂಡರು. ಟ್ಯಾಂಕರ್ ಸಮಸ್ಯೆ ಇದರಿಂದ ನಾಳೆಯೇ ತೀರುತ್ತದೆ ಎಂದು ಯಾರೂ ಹೇಳುವುದಿಲ್ಲ. ಆದರೆ ನೀರಿಲ್ಲದ ಮನೆಯ ಹುಡುಗನೊಬ್ಬನ ಕುತೂಹಲ ಎಲ್ಲಿಗೆ ಮುಟ್ಟಿತು ನೋಡಿ.

ಸಮಯದ ಭಯ

"ಪಿಎಚ್.ಡಿ. ಅಂದ್ರೆ ಐದಾರು ವರ್ಷ. ಅಷ್ಟರಲ್ಲಿ ಜೊತೆಯವರೆಲ್ಲ ಮನೆ ಕೊಂಡಿರ್ತಾರೆ." ಇದು ಸುಳ್ಳಲ್ಲ, ಸಂಶೋಧನೆ ನಿಧಾನದ ಕೆಲಸ. ಮೇಲೆ ಹೇಳಿದ ರಾಬ್ಸನ್ ಅವರಿಗೆ ಮೊದಲ ಯೋಚನೆ ಹೊಳೆದದ್ದು 1974ರಲ್ಲಿ, ಮೆಲ್ಬರ್ನ್‌ನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಮರದ ಗುಂಡುಗಳಿಂದ ಅಣುಗಳ ಮಾದರಿ ಮಾಡಿಸುವಾಗ. ಆ ಯೋಚನೆ ಪ್ರಬಂಧವಾಗಿ ಹೊರಬಂದದ್ದು 1989ರಲ್ಲಿ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಪಾವಗಡದ್ದು. ತುಮಕೂರು ಜಿಲ್ಲೆಯ ಆ ಬರದ ಸೀಮೆಯಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದು ನಿಂತಿದೆ. ಮಳೆಗೆ ಬಡತನವಾದರೂ ಬಿಸಿಲಿಗೆ ಬಡತನವಿಲ್ಲವಲ್ಲ! ಆದರೆ ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡಲು ಅಗ್ಗದ, ಬೆಂಕಿಯ ಅಪಾಯ ಕಡಿಮೆಯಿರುವ ಬ್ಯಾಟರಿ ಬೇಕು.

ಅಂಥ ಬ್ಯಾಟರಿಯ ಮೂಲ ಹುಡುಕುತ್ತಾ ಹೋದರೆ 1997ಕ್ಕೆ ಬಂದು ನಿಲ್ಲುತ್ತೇವೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ ಜಾನ್ ಗುಡಿನಫ್ ಅವರ ಪ್ರಯೋಗಾಲಯದಿಂದ ಆ ವರ್ಷ ಒಂದು ಪ್ರಬಂಧ ಪ್ರಕಟವಾಯಿತು. ದುಬಾರಿ ಕೋಬಾಲ್ಟ್ ಬದಲು ಎಲ್ಲೆಡೆ ಸಿಗುವ ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿ ಲಿಥಿಯಂ ಬ್ಯಾಟರಿ ಮಾಡಬಹುದು ಎಂಬುದು ಅದರ ಸಾರ. ಪ್ರಬಂಧದ ಮೇಲಿದ್ದ ಹೆಸರುಗಳು ಮೂರು: ಪಾಧಿ, ನಂಜುಂಡಸ್ವಾಮಿ, ಗುಡಿನಫ್. ನಡುವಿನ ಹೆಸರು ಓದಿದಾಗ ನಮ್ಮ ಕಿವಿ ನೆಟ್ಟಗಾಗದೆ ಇರುತ್ತದೆಯೇ? ಆ ವಸ್ತುವಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದಿಲ್ಲ ಎಂಬ ತೊಡಕಿತ್ತು. ಅದರ ಕಣಗಳಿಗೆ ಇಂಗಾಲದ ತೆಳು ಲೇಪ ಕೊಟ್ಟು ಬೇರೆ ಸಂಶೋಧಕರು ಆ ತೊಡಕನ್ನು ಬಿಡಿಸಿದರು. 2024ರಲ್ಲಿ ಜಗತ್ತಿನ ವಿದ್ಯುತ್ ಕಾರುಗಳ ಬ್ಯಾಟರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇದೇ ಕಬ್ಬಿಣದ ಜಾತಿಯವು. ಪ್ರಬಂಧದಿಂದ ಬೀದಿಗೆ ಬರಲು ಕಾಲು ಶತಮಾನ ಹಿಡಿಯಿತು. ಆ ಮೂವರಿಗೂ ಮನೆಯವರು "ಬೇಗ ಏನಾದರೂ ಬೇರೆ ನೋಡಿಕೋ" ಎಂದು ಹೇಳಿ ಅವರು ಕೇಳಿದ್ದರೆ? ಸಮಯ ಹಿಡಿಯುತ್ತದೆ ನಿಜ. ಅದಕ್ಕೇ ಇಂದು ಇಪ್ಪತ್ತರ ಹರೆಯದವರು ಶುರು ಮಾಡಬೇಕು.

ಹಣದ ಭಯ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೆಡಿಕಲ್ ಓದಿಸಿದಂತೆ ಪಿಎಚ್.ಡಿ.ಗೂ ಸಾಲ ಮಾಡಬೇಕೇನೋ ಎಂದು ಹಲವು ತಂದೆತಾಯಿ ಅಂದುಕೊಂಡಿದ್ದಾರೆ. ಅಮೇರಿಕದಲ್ಲಿ ವಿಜ್ಞಾನ ಮತ್ತು ಇಂಜಿನಿಯರಿಂಗ್ ಪಿಎಚ್.ಡಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಟ್ಯೂಷನ್ ಕಟ್ಟುವುದಿಲ್ಲ. ಪಾಠ ಹೇಳಿಕೊಟ್ಟು ಅಥವಾ ಪ್ರಯೋಗಾಲಯದಲ್ಲಿ ದುಡಿದು ಸ್ಟೈಪೆಂಡ್ ಪಡೆಯುತ್ತಾರೆ. ಇಲ್ಲಿನ ಪೌರರಾದ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ನ್ಯಾಷನಲ್ ಸೈನ್ಸ್ ಫೌಂಡೇಷನ್‌ನ ಫೆಲೋಶಿಪ್ ಇದೆ. ಆಯ್ಕೆಯಾದವರಿಗೆ ಮೂರು ವರ್ಷ, ವರ್ಷಕ್ಕೆ 37,000 ಡಾಲರ್. ಕಾಲೇಜಿನಲ್ಲಿರುವಾಗಲೇ ಬೇಸಿಗೆಯಲ್ಲಿ ಬೇರೊಂದು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋಗಿ ಕೆಲಸ ಕಲಿಯಲು ಹಣ ಕೊಡುವ ಯೋಜನೆಯನ್ನೂ ಅದೇ ಸಂಸ್ಥೆ 1987ರಿಂದ ನಡೆಸಿಕೊಂಡು ಬಂದಿದೆ.

ಸಾಫ್ಟ್‌ವೇರ್ ಸಂಬಳದ ಮುಂದೆ ಈ ಸ್ಟೈಪೆಂಡ್ ಚಿಲ್ಲರೆ ಕಾಸು, ಒಪ್ಪಿದೆವು. ಆದರೆ ನಮ್ಮ ಸಂಘಗಳನ್ನು ಕಟ್ಟಿದ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಎರಡು ಸೂಟ್‌ಕೇಸು, ಒಂದು ಅಸಿಸ್ಟೆಂಟ್‌ಶಿಪ್ ಪತ್ರ ಹಿಡಿದು ಬಂದವರು ಅವರಲ್ಲಿ ಎಷ್ಟು ಜನ! ಆ ಚಿಲ್ಲರೆ ಕಾಸಿನ ಮೇಲೇ ಈ ನೆಲದಲ್ಲಿ ನಮ್ಮ ಮೊದಲ ಮನೆಗಳು ನಿಂತವು. ಇನ್ನು "ಭದ್ರ" ಎಂದು ನಾವು ನಂಬಿದ ಕಂಪ್ಯೂಟರ್ ಕ್ಷೇತ್ರ? 2022ರ ಕೊನೆಯಿಂದ ದೊಡ್ಡ ದೊಡ್ಡ ಕಂಪನಿಗಳು ಸಾವಿರಾರು ಜನರನ್ನು ಒಂದೇ ಈಮೇಲ್‌ನಲ್ಲಿ ಮನೆಗೆ ಕಳಿಸಿದ್ದನ್ನು ನಮ್ಮ ನಡುವೆಯೇ ನೋಡಿದ್ದೇವೆ.

ಈಗಿನ ಪರಿಸ್ಥಿತಿಯ ಭಯ

ಮೂರನೆಯ ಭಯವೇ ಇಂದು ಎಲ್ಲಕ್ಕಿಂತ ದೊಡ್ಡದು, ಅದನ್ನು ಮುಚ್ಚಿಡುವುದು ಸರಿಯಲ್ಲ. 2025ರಲ್ಲಿ ಅಮೇರಿಕದ ಸರ್ಕಾರ ನಡೆಯುತ್ತಿದ್ದ ಸಂಶೋಧನಾ ಅನುದಾನಗಳನ್ನೇ ದೊಡ್ಡ ಸಂಖ್ಯೆಯಲ್ಲಿ ರದ್ದು ಮಾಡಿತು. ಕೆಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಸೀಟುಗಳನ್ನು ಕಡಿಮೆ ಮಾಡಿದವು. ಮೇಲೆ ಹೇಳಿದ ಫೆಲೋಶಿಪ್ ಕೂಡ ಸುಮಾರು 2,000ದಿಂದ ಮೊದಲು 1,000ಕ್ಕೆ ಇಳಿದು, ಆಮೇಲೆ 500 ಸೇರಿತು. "ಇಂಥಾ ಹೊತ್ತಿನಲ್ಲಿ ಮಗುವನ್ನು ಆ ಕಡೆ ಕಳಿಸೋದಾ?" ಎಂದು ತಾಯ್ತಂದೆಯರು ಕೇಳುವುದು ಸಹಜ.

ಇದಕ್ಕೆ ಹಳೆಯದೊಂದು ಕತೆ ಉತ್ತರವಾಗಬಹುದು. 1958ರಲ್ಲಿ, ಇನ್ನೂ ಮೂವತ್ತು ತುಂಬದ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ಯುವಕ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಶುರುಮಾಡಿದರು. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 315 ಭಾಗ. ದಿನಾ ಅದನ್ನೇ ಅಳೆಯುವುದೇಕೆ ಎಂದವರಿದ್ದರು. 1964ರಲ್ಲಿ ಹಣ ಸಾಲದೆ ಕೆಲವು ತಿಂಗಳು ಅಳತೆ ನಿಂತೇಹೋಯಿತು. ಆ ವರ್ಷದ ಖಾಲಿ ಜಾಗ ಇಂದಿಗೂ ದಾಖಲೆಯಲ್ಲಿದೆ. ಕೀಲಿಂಗ್ ಮಾತ್ರ ಬಿಡಲಿಲ್ಲ, 2005ರಲ್ಲಿ ತೀರಿಕೊಳ್ಳುವ ತನಕ ಅಳೆದರು. ಮಗ ರಾಲ್ಫ್ ಅದೇ ಕೆಲಸ ಮುಂದುವರಿಸಿದರು. 2025ರ ಮೇ ತಿಂಗಳಲ್ಲಿ ಆ ಸಂಖ್ಯೆ 430 ದಾಟಿತು. ಭೂಮಿಗೆ ಜ್ವರವೇರುತ್ತಿರುವುದೇಕೆ ಎಂದು ನಾವಿಂದು ಖಚಿತವಾಗಿ ಹೇಳುತ್ತಿದ್ದರೆ ಅದರ ಹಿಂದೆ ಈ ಹಟವಿದೆ. ಹಣ ನಿಲ್ಲುತ್ತದೆ, ಮತ್ತೆ ಬರುತ್ತದೆ. ಕೆಲಸ ಬಲ್ಲವರೇ ಇಲ್ಲದಿದ್ದರೆ ಹಣ ಬಂದಾಗಲೂ ಪ್ರಯೋಜನವಿಲ್ಲ. ಇಂದು ಹೈಸ್ಕೂಲಿನಲ್ಲಿರುವ ಮಗು ಪಿಎಚ್.ಡಿ. ಮುಗಿಸಲು ಇನ್ನೂ ಹತ್ತು ವರ್ಷವಿದೆ. ಇವತ್ತಿನ ಬಜೆಟ್ ನೋಡಿ ಆ ಮಗುವಿನ ಬದುಕು ತೀರ್ಮಾನಿಸಬೇಕೆ?

ಉಂಗ್ರ ಮತ್ತು ಪುರದ ಪಾಠ

ಸಂಶೋಧನೆ ಎಂದರೆ ನೊಬೆಲ್ಲೇ ಆಗಬೇಕಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಅವರು ಹಳ್ಳಿಗಳಿಗೆ ವಿಜ್ಞಾನ ಒಯ್ಯುವ 'ಅಸ್ತ್ರ' ಕೇಂದ್ರ ಕಟ್ಟಿದರು. ರೆಡ್ಡಿಯವರು ಅಮೇರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಿ ಊರಿಗೆ ಮರಳಿದ್ದ ವಿದ್ಯುತ್ ರಸಾಯನ ತಜ್ಞ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅಸ್ತ್ರದ ಶಾಖೆ ತೆರೆಯಿತು. ಹೊಗೆ ಕಡಿಮೆ, ಸೌದೆ ಕಡಿಮೆ ಬೇಡುವ 'ಅಸ್ತ್ರ ಒಲೆ' ನಮ್ಮ ಎಷ್ಟೋ ಅಜ್ಜಿಯರ ಅಡುಗೆಮನೆಗೆ ಬಂತು.

ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಅವರು ಮೊದಲು ಸಗಣಿ ಗ್ಯಾಸ್‌ನಿಂದ ಅಡುಗೆ ಮಾಡಿಸಲು ನೋಡಿದರು. ಗ್ಯಾಸ್ ಸಾಲದೆ ಯೋಜನೆ ಸೋತಿತು. ಆಮೇಲೆ ಹಳ್ಳಿಯವರನ್ನೇ ಕೇಳಿದಾಗ ಅವರಿಗೆ ಮೊದಲು ಬೇಕಾದದ್ದು ಕುಡಿಯುವ ನೀರು ಎಂದು ತಿಳಿಯಿತು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ವಿದ್ಯುತ್ ಮಾಡಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು. ಅದು 1987. ಸೋಲು, ಪ್ರಶ್ನೆ, ಮತ್ತೆ ಪ್ರಯತ್ನ. ಸಂಶೋಧನೆಯೆಂದರೆ ಇಷ್ಟೇ!

ನಾವು ಮಾಡಬಹುದಾದದ್ದು

ಮೊದಲನೆಯದು ಮನೆಯಲ್ಲಿ. ಮಗು ಪ್ರಶ್ನೆ ಕೇಳಿದಾಗ ಹೋಂವರ್ಕ್ ಕಡೆ ಅಟ್ಟದಿರೋಣ. ಹಾಗೆಂದು ಒತ್ತಾಯವೂ ಬೇಡ. ಕಾಲೇಜು ಅರ್ಜಿಯಲ್ಲಿ ಒಂದು ಸಾಲು ಸೇರಲಿ ಎಂದು ಹಣ ಕೊಟ್ಟು ಮಾಡಿಸುವ 'ರಿಸರ್ಚ್' ಸ್ಪೆಲಿಂಗ್ ಬೀಯಂತೆ ಇನ್ನೊಂದು ಓಟವಾಗುತ್ತದೆ ಅಷ್ಟೆ.

ಎರಡನೆಯದು ಸಂಘದಲ್ಲಿ. ನಮ್ಮ ಊರುಗಳ ವಿಶ್ವವಿದ್ಯಾಲಯಗಳಲ್ಲಿ ಕರ್ನಾಟಕದಿಂದ ಬಂದ ಸಂಶೋಧನಾ ವಿದ್ಯಾರ್ಥಿಗಳು ಇದ್ದಾರೆ. ಯುಗಾದಿಯ ದಿನವೂ ಲ್ಯಾಬಿನಲ್ಲೇ ಕಳೆಯುವ ಮಕ್ಕಳವರು. ಅವರನ್ನು ಹಬ್ಬದೂಟಕ್ಕೆ ಕರೆಯೋಣ. ಊಟವಾದ ಮೇಲೆ ಅರ್ಧ ಗಂಟೆ, ತಾವು ಏನು ಮಾಡುತ್ತಿದ್ದೇವೆ ಎಂದು ನಮ್ಮ ಹೈಸ್ಕೂಲ್ ಮಕ್ಕಳಿಗೆ ಸರಳ ಕನ್ನಡದಲ್ಲಿ ಹೇಳಲಿ. ಅವರಿಗೆ ಮನೆಯೂಟ, ಇವರಿಗೆ ಮಾದರಿ.

ಮೂರನೆಯದು ಊರಿಗೆ. ನಾವು ಓದಿದ ಕನ್ನಡ ಶಾಲೆಗೆ ವರ್ಷಕ್ಕೊಂದು ಮೈಕ್ರೋಸ್ಕೋಪ್, ಒಂದಿಷ್ಟು ಪ್ರಯೋಗದ ಸಾಮಾನು ಕೊಡಿಸುವುದು ನಮಗೆ ಭಾರವಲ್ಲ. ಭಾರತ ಸಂಶೋಧನೆಗೆ ಖರ್ಚು ಮಾಡುವುದು 2020-21ರ ಲೆಕ್ಕದಂತೆ ರಾಷ್ಟ್ರೀಯ ಉತ್ಪನ್ನದ ಶೇ. 0.64 ಮಾತ್ರ. ಅಲ್ಲಿಯ ಮಕ್ಕಳ ಕುತೂಹಲಕ್ಕೂ ಆಸರೆ ಬೇಕು.

ನಾಲ್ಕನೆಯದು ಇಲ್ಲಿನ ಪೌರರಾದವರಿಗೆ. ಸಂಶೋಧನೆಯ ಹಣ ಕಡಿತವಾಗುವಾಗ ನಿಮ್ಮ ಜನಪ್ರತಿನಿಧಿಗೆ ಒಂದು ಪತ್ರ ಬರೆಯಿರಿ. ಓಟು ಹಾಕುವವರ ಮಾತಿಗೆ ಬೆಲೆಯಿದೆ.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಸಲ ಊಟದ ಸಾಲಿನಲ್ಲಿ ಯಾರಾದರೂ "ನಮ್ಮ ಮಗಳು ಕೆಮಿಸ್ಟ್ರಿ ತಗೊಂಡಳು" ಎಂದರೆ "ಒಳ್ಳೇದು ಬಿಡಿ" ಎನ್ನದೆ, ಆ ಮಗುವಿನ ಕಡೆ ತಿರುಗಿ "ಏನಮ್ಮಾ, ಯಾವುದರ ಬಗ್ಗೆ ಹುಡುಕಬೇಕು ಅಂತಿದ್ದೀಯಾ?" ಎಂದು ಕೇಳೋಣ. ಬಾತ್ ಆರಿಹೋದರೂ ಪರವಾಗಿಲ್ಲ, ಉತ್ತರ ಪೂರ್ತಿ ಕೇಳಿಸಿಕೊಳ್ಳೋಣ. ಏನಂತೀರಿ?