ತಟ್ಟೆಗಳನ್ನು ಬಿಸುಡತಕ್ಕುದೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವಿದ್ಯಾವಂತರ ಮನೆಗಳಲ್ಲಿ ಹದಿನೈದಿಪ್ಪತ್ತು ವರ್ಷಗಳ ಹಿಂದೆ ಪುಸ್ತಕಗಳ ಪಕ್ಕದಲ್ಲಿ ಮರ್ಯಾದೆಯಿಂದ ನಿಂತಿದ್ದ ಚಲಚ್ಚಿತ್ರದ ತಟ್ಟೆಗಳು ಈಗ ಗುಜರಿಯವನ ಚೀಲವನ್ನು ಸೇರುತ್ತಿವೆ. ಹೀಗೆ ಮಾಡುವವರ ವಾದವು ಬಹು ಸಂಕ್ಷಿಪ್ತವಾದುದು: ‘ಚಿತ್ರಗಳೆಲ್ಲ ಅಂತರ್ಜಾಲದಲ್ಲಿರುವಾಗ ಈ ಕಸಕ್ಕೆ ಮನೆಯಲ್ಲಿ ಸ್ಥಳವೇಕೆ?’ ಈ ವಾಕ್ಯದಲ್ಲಿ ‘ಎಲ್ಲ’ ಎಂಬ ಮಾತು ಸುಳ್ಳು; ‘ಇರುವಾಗ’ ಎಂಬುದು ಅನಿಶ್ಚಿತ; ‘ಕಸ’ ಎಂಬುದಂತೂ ಕೇವಲ ಅವಿವೇಕ.

ಕನ್ನಡದ ಮೊದಲನೆಯ ವಾಕ್ಚಿತ್ರವೆಂದು ಪ್ರಸಿದ್ಧವಾದ ‘ಸತಿ ಸುಲೋಚನ’ವು 1934ನೆಯ ಮಾರ್ಚಿ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ. ವಿ. ರಾಯರು ಅದರ ನಿರ್ದೇಶಕರು. ಸುಬ್ಬಯ್ಯನಾಯುಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅದರಲ್ಲಿ ಅಭಿನಯಿಸಿದರು. ಕೊಲ್ಹಾಪುರಕ್ಕೆ ಹೋಗಿ ಅಷ್ಟು ಶ್ರಮದಿಂದ ತಯಾರಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿರುವುದು ತಿಳಿದಿಲ್ಲ. ಕನ್ನಡಿಗರು ತಮ್ಮ ಮೊದಲ ವಾಕ್ಚಿತ್ರದ ವಿಷಯವಾಗಿ ಹೆಸರುಗಳನ್ನೂ ತಾರೀಖನ್ನೂ ಹೇಳಬಲ್ಲರು. ಅದನ್ನು ನೋಡಲಾರರು, ಕೇಳಲಾರರು. ಅದನ್ನು ಕಳೆದವರು ಕನ್ನಡದ ಶತ್ರುಗಳೇನೂ ಅಲ್ಲ. ಓಡಿ ಮುಗಿದ ಚಿತ್ರವು ಹಳೆಯ ಸಾಮಾನು, ಬೇರೆ ಎಲ್ಲಿಯೋ ಇನ್ನೊಂದು ಪ್ರತಿ ಇದ್ದೇ ಇರುವುದು ಎಂದು ನಂಬಿದ ಸಾಧುಜನರು ಅವರು. ಇಂದಿನವರ ನಂಬಿಕೆಯೂ ಅದೇ; ‘ಎಲ್ಲಿಯೋ’ ಎಂಬುದಕ್ಕೆ ಈಗ ಬೇರೊಂದು ಹೆಸರು ಬಂದಿದೆ, ಅಷ್ಟೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಕನ್ನಡದಲ್ಲಿಯೇ ಉಂಟು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವು 1977ರ ಚಿತ್ರ. 2024ರಲ್ಲಿ ಅದು ಜೀರ್ಣೋದ್ಧಾರಗೊಂಡು ವೆನಿಸ್ ನಗರದ ಚಿತ್ರೋತ್ಸವದಲ್ಲಿ ಮತ್ತೆ ಪ್ರದರ್ಶಿತವಾಯಿತು. ಇದು ಸಾಧ್ಯವಾದುದು ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಭಂಡಾರದಲ್ಲಿ ಮೂಲದ ನೆಗೆಟಿವ್ ಸುರುಳಿಗಳು ಉಳಿದಿದ್ದುದರಿಂದ. ಗಣಕಯಂತ್ರವು ಎಷ್ಟೇ ಸಮರ್ಥವಾದರೂ ಇಲ್ಲದ ಮೂಲವನ್ನು ತೊಳೆದು ಬೆಳಗಲಾರದು.

ಮನೆಯ ತಟ್ಟೆಯು ಮೂಲದ ಸುರುಳಿಯಲ್ಲ, ಅದು ಕೆಳದರ್ಜೆಯ ನಕಲು ಎಂದು ಪ್ರತಿವಾದಿಗಳು ಹೇಳಬಹುದು. ಈ ಮಾತು ನಿಜ. ವಿಸಿಡಿಯ ಚಿತ್ರವು ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆಗಳದು. ಇಂದಿನ ದೊಡ್ಡ ಪರದೆಯ ಮೇಲೆ ಅದು ಮಂಜಿನಲ್ಲಿ ಕಂಡ ನಂದಿಬೆಟ್ಟದಂತಿರುತ್ತದೆ. ಆದರೆ ನಕಲಿಗೂ ಸಾಕ್ಷಿಯ ಬೆಲೆಯುಂಟು. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿಯೂ, 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿಯೂ ಬಣ್ಣ ಹಚ್ಚಿ ಬಿಡುಗಡೆ ಮಾಡಿದರು. ಬಣ್ಣವನ್ನು ಮೆಚ್ಚುವವರು ಮೆಚ್ಚಲಿ. ನೆರಳು ಬೆಳಕುಗಳನ್ನು ಲೆಕ್ಕಹಾಕಿ ದೀಪವಿಟ್ಟ ಛಾಯಾಗ್ರಾಹಕನ ಕೆಲಸ ಎಂಥದೆಂದು ತಿಳಿಯಬೇಕಾದವನು ಮಾತ್ರ ಕಪ್ಪುಬಿಳುಪಿನ ಪ್ರತಿಯನ್ನೇ ಹುಡುಕಬೇಕು. ಜಾಲದಲ್ಲಿ ಯಾವ ಪ್ರತಿಯನ್ನು ಇಡುವುದು, ಯಾವುದನ್ನು ತೆಗೆಯುವುದು ಎಂಬುದು ಒಡೆಯನ ಇಚ್ಛೆ. ಬೀರುವಿನಲ್ಲಿರುವ ಪ್ರತಿಯನ್ನು ತಿದ್ದಲು ಯಾರೂ ಬರಲಾರರು.

ಇದು ಬರಿಯ ಶಂಕೆಯಲ್ಲ. 2009ರಲ್ಲಿ ಅಮೆಜಾನ್ ಕಂಪೆನಿಯು ತಾನೇ ಮಾರಿದ ಎರಡು ಪುಸ್ತಕಗಳನ್ನು ಹಕ್ಕಿನ ತೊಡಕಿನಿಂದಾಗಿ ಕೊಂಡವರ ಓದುಯಂತ್ರಗಳಿಂದ ಅಳಿಸಿಬಿಟ್ಟಿತು. ಹಣವನ್ನು ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಅವುಗಳಲ್ಲಿ ಒಂದು, ದಾಖಲೆಗಳನ್ನು ಸುಟ್ಟು ಇತಿಹಾಸವನ್ನು ತಿದ್ದುವ ಸರ್ಕಾರವನ್ನು ವರ್ಣಿಸುವ ಆರ್ವೆಲ್ಲನ ‘1984’ ಎಂಬುದು ವಿನೋದವೇ ಸರಿ. ಮೈಸ್ಪೇಸ್ ಎಂಬ ತಾಣವು ಜನರು ಹನ್ನೆರಡು ವರ್ಷಗಳ ಕಾಲ ತಂದು ತುಂಬಿದ್ದ ಸಂಗೀತವನ್ನೆಲ್ಲ ಯಂತ್ರಗಳನ್ನು ಬದಲಿಸುವಾಗ ಕಳೆದುಕೊಂಡುದು 2019ರಲ್ಲಿ ಬಯಲಾಯಿತು. ತಿಂಗಳ ಚಂದಾ ತೆತ್ತು ಚಿತ್ರ ನೋಡುವವನು ಬಾಡಿಗೆಯ ಮನೆಯಲ್ಲಿರುವವನು. ಬಾಡಿಗೆಯ ಮನೆ ಇದೆಯೆಂದು ಸ್ವಂತ ಮನೆಯನ್ನು ಕೆಡವಿಸುವವರುಂಟೆ?

ಪ್ರತಿವಾದಿಗಳಲ್ಲಿ ನಿಜವಾದ ಬಲವುಳ್ಳ ಮಾತು ಒಂದೇ: ತಟ್ಟೆಗಳೂ ಸಾಯುತ್ತವೆ. ಸಿಡಿಯಲ್ಲಿ ಬೆಳಕನ್ನು ಹಿಂದಿರುಗಿಸುವ ಅಲ್ಯುಮಿನಿಯಂ ಪದರವಿರುವುದು ಹೆಸರು ಮುದ್ರಿಸಿದ ಮೇಲು ಮೈಯ ಕೆಳಗೆ. ಅದಕ್ಕೆ ಕಾವಲು ತೆಳುವಾದ ಅರಗಿನ ಲೇಪ ಮಾತ್ರ. ಜನರು ಹೊಳೆಯುವ ಮಗ್ಗುಲನ್ನು ಜೋಪಾನಮಾಡಿ ಹೆಸರಿನ ಮಗ್ಗುಲನ್ನು ಮೇಜಿನ ಮೇಲೆ ಉಜ್ಜುತ್ತಾರೆ. ಅಪಾಯ ಹೆಚ್ಚಾಗಿರುವುದು ಅಲ್ಲಿಯೇ. ಡಿವಿಡಿಯಲ್ಲಿ ಆ ಪದರವು ಎರಡು ಹಾಳೆಗಳ ನಡುವೆ ಇರುವುದರಿಂದ ಗೀರಿಗೆ ಅಷ್ಟು ಅಂಜಬೇಕಾಗಿಲ್ಲ. ಅಂಟು ಬಿಟ್ಟು ತೇವಾಂಶವೂ ಗಾಳಿಯೂ ನುಗ್ಗಿದರೆ ಮಾತ್ರ ಲೋಹವು ಕರಗುತ್ತ ಬರುವುದು. ಅಂಗಡಿಯಲ್ಲಿ ಕೊಂಡ ತಟ್ಟೆಗಳಿಗಿಂತ ಮನೆಯ ಮದುವೆ, ಉಪನಯನಗಳನ್ನು ಬರೆಸಿಟ್ಟ ತಟ್ಟೆಗಳ ಸ್ಥಿತಿ ಇನ್ನೂ ಕಷ್ಟ. ಅವುಗಳಲ್ಲಿ ಬರಹವು ನಿಂತಿರುವುದು ಒಂದು ಬಗೆಯ ಬಣ್ಣದ ಮೇಲೆ. ಬಿಸಿಲಿಗೂ ಸೆಕೆಗೂ ಆ ಬಣ್ಣವು ಮಾಸುತ್ತದೆ. ಅವುಗಳಿಗೆ ಅಂತರ್ಜಾಲದಲ್ಲಿ ಇನ್ನೊಂದು ಪ್ರತಿ ಇದೆಯೆಂದು ಹೇಳುವ ಧೈರ್ಯ ಯಾರಿಗೂ ಬಾರದು.

ಹಾಗಾದರೆ ಇದರಿಂದ ಏರ್ಪಡುವುದೇನು? ತಟ್ಟೆಯನ್ನು ಎಸೆಯಬೇಕೆಂದಲ್ಲ, ಬೇಗನೆ ನಕಲು ಮಾಡಬೇಕೆಂದು. ಶಿಡ್ಲಘಟ್ಟದ ರೇಷ್ಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಗೂಡಿಗೆ ಒಂದು ಅವಧಿಯುಂಟು, ಅದು ಮೀರಿ ಚಿಟ್ಟೆಯು ತೂತು ಕೊರೆದು ಹೊರಬಿದ್ದರೆ ಎಳೆ ಕಡಿದುಹೋಗಿ ನೂಲು ಬಿಚ್ಚಲು ಬಾರದು. ಅದೇ ರೀತಿ ತಟ್ಟೆಯು ಓಡುತ್ತಿರುವಾಗಲೇ ಅದರ ಬರಹವನ್ನು ಎರಡು ಬೇರೆ ಬೇರೆ ಸಂಗ್ರಾಹಕ ಯಂತ್ರಗಳಿಗೆ ಇಳಿಸಿ, ಎರಡನ್ನೂ ಬೇರೆ ಬೇರೆ ಮನೆಗಳಲ್ಲಿ ಇಡಬೇಕು. ಇಳಿಸಿದ ಮೇಲೆ ಮೂಲವನ್ನು ಕಳೆಯತಕ್ಕುದಲ್ಲ. ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಈ ನಾಲ್ಕು ತಾಲ್ಲೂಕುಗಳ ಶಾಸನಗಳೂ ಅದರಲ್ಲಿವೆ. ಪುಸ್ತಕವು ಬಂದಿತೆಂದು ಕಲ್ಲುಗಳನ್ನು ಜಲ್ಲಿಗೆ ಒಡೆಯಬಹುದೆಂದು ಯಾವ ವಿದ್ವಾಂಸನೂ ಹೇಳಲಿಲ್ಲ. ಪಾಠದಲ್ಲಿ ಸಂದೇಹ ಬಂದಾಗ ಹೋಗಿ ನೋಡಬೇಕಾದುದು ಕಲ್ಲನ್ನೇ.

ತಟ್ಟೆಗಳನ್ನು ಓದುವ ಯಂತ್ರವು ಹೊಸ ಗಣಕಯಂತ್ರಗಳಿಂದ ಆಗಲೇ ಮಾಯವಾಗಿದೆ. ಪ್ರತ್ಯೇಕವಾಗಿ ಸಿಕ್ಕುವಷ್ಟು ದಿನ ಒಂದನ್ನು ಕೊಂಡಿಡುವುದು ಒಳ್ಳೆಯದು. ಪ್ರತಿಯೊಂದು ಮನೆಗೂ ಅದು ಬೇಕಾಗಿಲ್ಲ. ಜಿಲ್ಲೆಯ ಗ್ರಂಥಾಲಯವೋ ಒಂದು ಸಾಹಿತ್ಯ ಸಂಘವೋ ಒಂದನ್ನು ಇಟ್ಟುಕೊಂಡು, ಬೇಡವಾದ ತಟ್ಟೆಗಳನ್ನು ಜನರಿಂದ ಕೇಳಿ ಪಡೆದು, ಪಟ್ಟಿಮಾಡಿ, ಬಿಸಿಲು ತಾಗದ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಸಾಕು. ಪಟ್ಟಿ ಮಾಡುವಾಗ ಹೊದಿಕೆಯ ಕಾಗದಗಳನ್ನು ಕಿತ್ತು ಹಾಕಬಾರದು. ನಟರ, ಸಂಗೀತಗಾರರ, ಪ್ರಕಾಶಕರ ಹೆಸರುಗಳು ಎಷ್ಟೋ ವೇಳೆ ಆ ಕಾಗದದ ಮೇಲೆ ಮಾತ್ರ ಇರುತ್ತವೆ.